ಮಂಗಳವಾರ ಕಾಣೆಯಾದ ರಾಜ

ಆವತ್ತು ನಾನು ಬಲಗಾಲನ್ನು ನಾಲ್ಕು ಬೆರಳು ಮೇಲೆತ್ತಿದ್ದರೆ ಸಾಕಿತ್ತು. ಎತ್ತಲಿಲ್ಲ. ಯಾಕಯ್ಯಾ ಎತ್ತಲಿಲ್ಲ ಎಂದು ಕೇಳುತ್ತೀರಾ? ಜನ ನಗುತ್ತಿದ್ದರು, ನನಗೆ ಜನ ನಕ್ಕರೆ ಖುಷಿ, ಅಷ್ಟೇ.

ನಾನು ಎಬೊ, ಅನೋಮಾಬೊ ಎಂಬ ಕಡಲೂರಿನ ಕ್ಷೌರಿಕ. ಕೋಟೆಯಿಂದ ಕಡಲಿಗೆ ಇಳಿಯುವ ದಾರಿಯಲ್ಲಿ ಒಂದು ಬೇವಿನ ಮರ. ಮರದ ಕಾಂಡಕ್ಕೆ ಹೊಡೆದ ಮೊಳೆಯಲ್ಲಿ ನನ್ನ ಕನ್ನಡಿ, ಕನ್ನಡಿಯ ಮುಂದೆ ನನ್ನ ಕುರ್ಚಿ, ಕುರ್ಚಿಯ ಬೆನ್ನಿಗೆ ನಾಲ್ಕು ಹೆಜ್ಜೆ ಮೇಲೆ ಗಂಡಸರು ದಾಮೆ ಆಡುವ ಬೆಂಚು. ದಾಮೆ ಎಂದರೆ ಕಪ್ಪು ಬಿಳಿ ಮನೆಗಳ ಹಲಗೆ. ಒಬ್ಬನ ಕಾಯಿಗೆ ಬೀರು ಬಾಟಲಿಯ ಮುಚ್ಚಳ, ಇನ್ನೊಬ್ಬನದಕ್ಕೆ ಸೋಡಾ ಬಾಟಲಿಯ ಮುಚ್ಚಳ. ಎದುರಾಳಿಯ ತಲೆ ಮೇಲೆ ಹಾರಿ ಅವನ ಕಾಯಿ ಹೊಡೆಯಬೇಕು. ಕೊನೆಯ ಸಾಲು ಮುಟ್ಟಿದ ಕಾಯಿ ರಾಜನಾಗುತ್ತದೆ. ಆಟ ಇಷ್ಟೇ, ಆದರೆ ಅದರ ಜೊತೆ ಆಡುವ ಬೈಗುಳಕ್ಕೆ ಒಂದು ಊರು ಸಾಲದು. ಮಂಗಳವಾರ ಬಂತೆಂದರೆ ಮರದ ಕೆಳಗೆ ಕಾಲಿಡಲು ಜಾಗವಿರುವುದಿಲ್ಲ. ಮಂಗಳವಾರ ಕಡಲ ದೇವರ ದಿನ, ದೋಣಿ ನೀರಿಗೆ ಇಳಿಸುವಂತಿಲ್ಲ, ಹಾಗಾಗಿ ಇಡೀ ಊರಿನ ಬೆಸ್ತರಿಗೆ ನೆಲದ ಮೇಲೆ ಮಾಡಲು ಬೇರೆ ಕೆಲಸವಿಲ್ಲ.

ಆ ಬೆಂಚಿನ ಇಬ್ಬರು ಪಟ್ಟದ ಆಟಗಾರರೆಂದರೆ ಎಕೋ ಬೆಂಟ್ಸಿಲ್ ಮತ್ತು ಕೊಬಿನಾ ಎಸ್ಸುಮನ್. ಬೆಂಟ್ಸಿಲ್ ಮೂವತ್ತೆರಡು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಮುದ್ರೆ ಒತ್ತಿದವರು. ನಿವೃತ್ತರಾದ ಮೇಲೆ ಊರು ಅವರನ್ನು 'ಪೋಸ್ಟ್ ಮಾಸ್ಟ್ರು' ಎಂದು ಕರೆಯಿತು. ಅವರು ಒಂದು ದಿನವೂ ಪೋಸ್ಟ್ ಮಾಸ್ಟರ್ ಆಗಿರಲಿಲ್ಲ, ಆದರೆ ಕರೆದವರನ್ನು ಒಂದು ದಿನವೂ ತಿದ್ದಲಿಲ್ಲ. ಎಸ್ಸುಮನ್ ದೋಣಿ ಕಟ್ಟುವ ಬಡಗಿ. ಅಂಗೈ ಹಲಗೆಯಷ್ಟು ಅಗಲ, ನಕ್ಕರೆ ಕೋಟೆಯ ಮೇಲಿನ ಬಾವಲಿಗಳು ಎದ್ದು ಹಾರುತ್ತಿದ್ದವು. ಇಬ್ಬರೂ ಒಂದೇ ಓಣಿಯಲ್ಲಿ ಹುಟ್ಟಿದವರು, ಚರ್ಚಿನಲ್ಲಿ ಒಂದೇ ಬೆಂಚಿನವರು. ರಾಜನಾದ ಮುಚ್ಚಳದ ಬದಲಿಗೆ ಇಡಲೆಂದು ಎಸ್ಸುಮನ್ ಎರಡು ರಾಜನ ಕಾಯಿ ಕೆತ್ತಿದ್ದರು, ಗಟ್ಟಿ ಒಡುಮ್ ಮರದಲ್ಲಿ, ನೆತ್ತಿಗೆ ದೋಣಿಗೆ ಬಡಿಯುವ ತಾಮ್ರದ ಮೊಳೆ. ಅವನ್ನು ಬೆಂಟ್ಸಿಲ್ ದಿನಾ ತೆಂಗಿನೆಣ್ಣೆಯಲ್ಲಿ ಒರೆಸಿ ಜೋಪಾನ ಮಾಡುತ್ತಿದ್ದರು.

ಇಷ್ಟರಲ್ಲಿ ತತ್ವಶಾಸ್ತ್ರ ಬಂತು.

ಹೇಗೆ ಬಂತು ಎಂದರೆ, ನಮ್ಮಲ್ಲಿ ಅಳಿಯಸಂತಾನ. ಮಗನಿಗಿಂತ ಅಕ್ಕನ ಮಗನ ಬಗ್ಗೆ ಹೆಮ್ಮೆ ಒಂದು ಕೈ ಜಾಸ್ತಿ. ಬೆಂಟ್ಸಿಲ್ಲರ ಅಳಿಯ ಫೀಫಿ ಕೇಪ್ ಕೋಸ್ಟ್ ಪಟ್ಟಣದಲ್ಲಿ ತತ್ವಶಾಸ್ತ್ರ ಓದುತ್ತಿದ್ದ. ರಜೆಗೆ ಬಂದವನು ಹೋಗುವಾಗ ಒಂದು ನೋಟ್‌ಬುಕ್ ಮರೆತು ಹೋದ. ಬೆಂಟ್ಸಿಲ್ ಕನ್ನಡಕ ಹಾಕಿಕೊಂಡು ತೆರೆದರು. ಪುಟದ ತಲೆಯಲ್ಲಿ ದೊಡ್ಡದಾಗಿ ಬರೆದಿತ್ತು: 'ಯಾರೂ ನೋಡದಿರುವಾಗ ವಸ್ತು ಇರುತ್ತದೆಯೇ?' ಕೆಳಗೆ ಇಡೀ ಪುಟ, ಇರುವುದಿಲ್ಲ ಎಂಬುದಕ್ಕೆ ವಾದ. ಬೆಂಟ್ಸಿಲ್ ಆ ಪುಟವನ್ನು ಏಳು ಸಲ ಓದಿದರು. ಆದರೆ ಮಗುಚಿ ನೋಡಲಿಲ್ಲ.

ಮರುದಿನದಿಂದ ಪ್ಯಾಂಟು ಅಂಗಿ ಬಿಟ್ಟರು. ತತ್ವಜ್ಞಾನಿಗೆ ಪ್ಯಾಂಟು ಶೋಭಿಸುವುದಿಲ್ಲವೆಂದು ಹಿರಿಯರ ಹಾಗೆ ಹತ್ತು ಗಜದ ಬಟ್ಟೆಯನ್ನು ಮೈಗೆ ಸುತ್ತಿ ತುದಿಯನ್ನು ಎಡ ಹೆಗಲ ಮೇಲೆ ಎಸೆದುಕೊಂಡು, ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡತೊಡಗಿದರು. ಅಭ್ಯಾಸವಿಲ್ಲದ ಹೊದಿಕೆ, ಹತ್ತು ಹೆಜ್ಜೆಗೊಮ್ಮೆ ಜಾರುತ್ತಿತ್ತು. ಈ ಮಾತು ನೆನಪಿರಲಿ.

ಮೊದಲ ಪೆಟ್ಟು ಬಿದ್ದದ್ದು ಹೆಂಡತಿ ಅರಾಬಾಗೆ.

"ಏನ್ರೀ, ಹಿತ್ತಲಿಂದ ಇದ್ದಿಲ ಚೀಲ ತಂದ್ಕೊಡಿ."

"ಹಿತ್ತಲಲ್ಲಿ ಈಗ ಯಾರಿದಾರೆ?"

"ಯಾರೂ ಇಲ್ಲ."

"ನೋಡೋರೇ ಇಲ್ದಿದ್ಮೇಲೆ ಇದ್ದಿಲು ಇದೆ ಅಂತ ಅದ್ಯಾವ ಧೈರ್ಯದಲ್ಲಿ ಹೇಳ್ತೀಯ?"

ಮಧ್ಯಾಹ್ನ ಅರಾಬಾ ಗಂಡನ ಮುಂದೆ ಖಾಲಿ ಬಟ್ಟಲು ತಂದಿಟ್ಟಳು. "ಫುಫು ಮುದ್ದೆ ಇದೆ, ಮೀನಿನ ಸಾರೂ ಇದೆ. ಕಣ್ಣು ಮುಚ್ಕೊಂಡೇ ಉಣ್ಣಿ, ಬಿಟ್ರೆ ಮಾಯ ಆಗತ್ತೆ" ಎಂದಳು. ಈ ಸುದ್ದಿ ಸಂಜೆಯೊಳಗೆ ನನ್ನ ಕುರ್ಚಿಗೆ ಬಂತು, ಕತ್ತಲಾಗುವುದರೊಳಗೆ ಊರಿಗೆ ಹೋಯಿತು. ಎಸ್ಸುಮನ್ ಅಂತೂ ಬಿದ್ದು ಬಿದ್ದು ನಕ್ಕರು.

ಆ ಮಂಗಳವಾರದ ಆಟಕ್ಕೆ ಬರೋಣ. ಪಂದ್ಯದ ಷರತ್ತು ಯಾವಾಗಿನದೇ: ಸೋತವನು ಹಲಗೆಯನ್ನು ತಲೆ ಮೇಲೆ ಹೊತ್ತು ಗೆದ್ದವನ ಮನೆ ತನಕ ನಡೆಯಬೇಕು. ಎಸ್ಸುಮನ್‌ಗೆ ಆಗಲೇ ರಾಜ ಸಿಕ್ಕಿಬಿಟ್ಟಿತ್ತು. ಇನ್ನೆರಡು ನಡೆ, ಬೆಂಟ್ಸಿಲ್ಲರ ಮೂರು ಕಾಯಿ ಢಮಾರ್.

"ಲೋ ಎಕೋ, ಕುತ್ತಿಗೆಗೆ ಎಣ್ಣೆ ಹಚ್ಕೊಂಡು ಬಂದಿದೀಯಾ? ಹಲಗೆ ಭಾರ ಇದೆ!"

"ಆಡು ಆಡು. ಬಾಯಲ್ಲಿ ದೋಣಿ ಕಟ್ಬೇಡ."

"ನಿನ್ ನೋಟ್‌ಬುಕ್ ತೆಗೆದು ನೋಡೋ, ಸೋಲೋದು ಹೇಗೆ ಅಂತ ಬರ್ದಿರ್ತಾರೆ!"

ಅಷ್ಟರಲ್ಲಿ ಮೇಲಿನ ದಾರಿಯಿಂದ ತಮಟೆ ಕೇಳಿತು. ಬೇರೆ ಊರಿನಲ್ಲಿ ತೀರಿಕೊಂಡಿದ್ದ ಮುದುಕಿಯೊಬ್ಬಳ ಶವವನ್ನು ತವರಿಗೆ ತರುತ್ತಿದ್ದರು. ಶವಪೆಟ್ಟಿಗೆ ಹಾದುಹೋಗುವಾಗ ನಮ್ಮಲ್ಲಿ ಕೂತವರು ಏಳಬೇಕು, ಅದರ ಕಡೆಗೇ ಮುಖ ಮಾಡಬೇಕು, ಹೊದ್ದವರು ಹೊದಿಕೆಯನ್ನು ಹೆಗಲಿನಿಂದ ಇಳಿಸಿ ಸತ್ತವರಿಗೆ ಮರ್ಯಾದೆ ಕೊಡಬೇಕು. ಮರದ ಕೆಳಗಿನ ನಲವತ್ತು ಜನರೂ ಎದ್ದರು. ಎಂಬತ್ತು ಕಣ್ಣು ಪೆಟ್ಟಿಗೆಯ ಮೇಲೆ.

ನನ್ನ ಎರಡು ಕಣ್ಣು ಮಾತ್ರ ಕನ್ನಡಿಯ ಮೇಲೆ. ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕಣ್ಣು ಮುಚ್ಚಿದ್ದ ಗಿರಾಕಿ, ನನ್ನ ಕೈಯಲ್ಲಿ ಕತ್ತಿ; ತಿರುಗಿದ್ದರೆ ಅವನ ಕಿವಿ ಹೋಗುತ್ತಿತ್ತು. ಹಾಗಾಗಿ ನಾನು ಒಬ್ಬನೇ ಕಂಡೆ. ಬೆಂಟ್ಸಿಲ್ ಹೊದಿಕೆ ಇಳಿಸಿದರು, ಅಭ್ಯಾಸವಿಲ್ಲದ ಕೈ, ತುದಿ ಜಾರಿ ಹಲಗೆಯ ಮೂಲೆಗೆ ಬಡಿಯಿತು. ಎಸ್ಸುಮನ್‌ರ ರಾಜ ಟಣ್ಣನೆ ಹಾರಿ, ಇಳಿಜಾರಿನಲ್ಲಿ ಉರುಳಿ ಉರುಳಿ ನನ್ನ ಚಪ್ಪಲಿಗೆ ತಾಗಿ ನಿಂತಿತು. ಉಳಿದ ಮುಚ್ಚಳಗಳು ಅಲುಗಲಿಲ್ಲ. ನಾನು ಮೆಲ್ಲಗೆ ಅದರ ಮೇಲೆ ಕಾಲಿಟ್ಟೆ. ಐದು ನಿಮಿಷ ಹುಡುಕಾಡಲಿ, ಆಮೇಲೆ ತೆಗೆದು ತೋರಿಸಿ ನಗಿಸೋಣ ಎಂದುಕೊಂಡೆ.

ಶವ ದಾಟಿತು, ಎಲ್ಲರೂ ಕೂತರು.

"ನನ್ ರಾಜ ಎಲ್ಲೋ?" ಎಂದರು ಎಸ್ಸುಮನ್.

"ಯಾವ ರಾಜ?"

"ಈ ಮನೇಲಿದ್ನಲ್ಲೋ! ಇದೇ ಮನೆ! ಬೆರಳಿಟ್ಟು ಎದ್ದಿದೀನಿ ನಾನು!"

ಬೆಂಟ್ಸಿಲ್ ಹಲಗೆ ನೋಡಿದರು. ಇರಲಿಲ್ಲ. ಅವರಿಗೂ ನಿಜವಾಗಿ ಆಶ್ಚರ್ಯವೇ. ಆದರೆ ಸುತ್ತ ನಲವತ್ತು ಜನ, ಕಂಕುಳಲ್ಲಿ ನೋಟ್‌ಬುಕ್. ಗಂಟಲು ಸರಿಮಾಡಿಕೊಂಡು ಕೇಳಿದರು: "ಮಹನೀಯರೇ, ಶವ ಹೋಗ್ತಿರೋವಾಗ ಈ ಹಲಗೆ ನೋಡ್ತಿದ್ದೋರು ಯಾರಾದ್ರೂ ಇದೀರಾ?"

ಯಾರೂ ಇರಲಿಲ್ಲ.

"ನೋಡೋರಿಲ್ದಿದ್ದಾಗ ವಸ್ತು ಇರಲ್ಲ. ಅಂದ್ಮೇಲೆ ಆಗ ರಾಜ ಇರ್ಲಿಲ್ಲ. ಒಂದ್ಸಲ ಇಲ್ದೇ ಹೋದೋನು ವಾಪಸ್ ಬರ್ಲೇಬೇಕು ಅಂತ ಯಾವ ಕಾನೂನಿದೆ?"

ನಗು ಅಂದರೆ ನಗು! ಬೆಸ್ತರು ತೊಡೆ ತಟ್ಟಿಕೊಂಡರು. ಕೆಂಕಿ ಮಾರುವ ಅಜೋವಾ, ಜೋಳದ ಹಿಟ್ಟಿನ ಉಂಡೆಗೆ ಬಾಳೆಲೆ ಸುತ್ತುತ್ತಿದ್ದವಳು, ನಗುವ ಭರದಲ್ಲಿ ಎಲೆ ಬಿಟ್ಟು ತನ್ನ ಸೆರಗನ್ನೇ ಸುತ್ತಿಬಿಟ್ಟಳು. ಮೂವತ್ತೆರಡು ವರ್ಷ ಕಿಟಕಿಯ ಹಿಂದೆ ಕೂತ ಮನುಷ್ಯನಿಗೆ ಮೊದಲ ಸಲ ಇಷ್ಟು ಜನ ಚಪ್ಪಾಳೆ ಹೊಡೆದರು. ಆಗಲೇ ನಾನು ಕಾಲೆತ್ತಬೇಕಿತ್ತು. ಇನ್ನೊಂದು ನಿಮಿಷ ಎಂದುಕೊಂಡೆ.

ಆ ನಿಮಿಷದಲ್ಲಿ ಎಸ್ಸುಮನ್ ಎದ್ದು ನಿಂತು, "ಕಳ್ಳ! ಬಿಚ್ಚೋ ನಿನ್ ಹೊದಿಕೆ, ಮಡಿಕೆಯೊಳಗೆ ಇಟ್ಕೊಂಡಿದೀಯ!" ಎಂದುಬಿಟ್ಟರು.

ನಗು ನಿಂತಿತು. ಬೆಂಟ್ಸಿಲ್ಲರ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಮೂವತ್ತೆರಡು ವರ್ಷದಲ್ಲಿ ಬೇರೆಯವರ ಒಂದು ಲಕೋಟೆಯ ಅಂಚನ್ನು ಅವರು ಉಗುರಿನಿಂದಲೂ ಎಬ್ಬಿಸಿರಲಿಲ್ಲ. ಎಲ್ಲರ ಎದುರಿಗೆ ಹತ್ತು ಗಜದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಬಿಚ್ಚಿ ಕೊಡವಿದರು. ಒಳಚಡ್ಡಿಯಲ್ಲಿ ನಿಂತು, "ನೋಡ್ಕೊಳ್ಳಿ" ಎಂದರು. ಯಾರಿಗೂ ಅವರ ಮುಖ ನೋಡಲಾಗಲಿಲ್ಲ. ಈಗ ರಾಜನನ್ನು ತೆಗೆದರೆ ಇಬ್ಬರೂ ಸೇರಿ ನನ್ನ ಚರ್ಮ ಸುಲಿಯುತ್ತಾರೆ ಎಂದು ನನಗೆ ಗೊತ್ತಾಯಿತು. ಜನ ಚದುರಿದ ಮೇಲೆ ಅದನ್ನು ಎತ್ತಿ ಬ್ಲೇಡಿನ ಡಬ್ಬಿಗೆ ಹಾಕಿದೆ. ನಾಳೆ ನೋಡೋಣ ಎಂದುಕೊಂಡೆ.

ಆ ನಾಳೆ ಬಂತು, ಪಂಚಾಯಿತಿ ಕೂತಿತು. ಕೇರಿಯ ಯಜಮಾನ ಸುಪಿ ಓಟು ಎರಡೂ ಕಡೆಯಿಂದ ಒಂದೊಂದು ಬಾಟಲಿ ಸ್ನಾಪ್ಸ್ ಮದ್ಯ ತೆಗೆದುಕೊಂಡು, ಎರಡರ ರುಚಿಯನ್ನೂ ನಿಷ್ಪಕ್ಷಪಾತವಾಗಿ ನೋಡಿ, "ಇದು ಇಹಲೋಕದ ವ್ಯಾಜ್ಯ ಅಲ್ಲ, ಪಾದ್ರಿಗಳು ಹೇಳ್ಬೇಕು" ಎಂದರು. ರೆವರೆಂಡ್ ಹೈಝಲ್ ಬೈಬಲ್ ಹಿಡಿದು ಎದ್ದರು.

"ಮಕ್ಕಳೇ, ಮನುಷ್ಯರು ನೋಡ್ದಿದ್ರೇನು? ದೇವರು ಎಲ್ಲವನ್ನೂ ನೋಡ್ತಿರ್ತಾನೆ."

ಎಸ್ಸುಮನ್ ಎದ್ದು ಕುಣಿದರು. "ಹಾಗಾದ್ರೆ ನನ್ ರಾಜನ್ನ ದೇವರು ನೋಡಿದಾನೆ! ಸ್ವಾಮಿ, ಪ್ರಾರ್ಥನೆ ಮಾಡಿ, ಎಲ್ಲಿದೆ ಅಂತ ಕೇಳಿ ಹೇಳಿ!"

"ದಾಮೆ ಆಟಕ್ಕೆಲ್ಲ ದೇವರನ್ನ ಎಳೀಬಾರ್ದಪ್ಪಾ. ಅದೂ ಕೆಲಸದ ದಿನ ಆಡೋ ಆಟ. ದೇವರು ಆ ಕಡೆ ನೋಡಲ್ಲ."

"ಕೇಳಿದ್ರಾ?" ಎಂದರು ಬೆಂಟ್ಸಿಲ್. "ದೇವರೂ ನೋಡ್ಲಿಲ್ಲ. ಮುಗೀತು."

ಪಾದ್ರಿಗಳು ಬೆವರು ಒರೆಸಿಕೊಂಡು, "ಪುಸ್ತಕದ ಹುಡುಗನ್ನೇ ಕರೆಸಿ" ಎಂದರು. ಶನಿವಾರ ಫೀಫಿ ಬಂದ. ಇಡೀ ಕೇರಿ ಉಸಿರು ಬಿಗಿಹಿಡಿದು ಕೂತಿತ್ತು. ಹುಡುಗ ನೋಟ್‌ಬುಕ್ ನೋಡಿ ತಲೆ ಚಚ್ಚಿಕೊಂಡ.

"ಮಾವ, ಇದು ಪರೀಕ್ಷೆಗೇ ಬರಲ್ಲ! ಇದು ಬರೀ ಒಂದು ಕಡೆ ವಾದ. ಹಿಂದಿನ ಪುಟದಲ್ಲಿ ಇದಕ್ಕೆ ಉತ್ತರ ಇದೆ. ನಾವು ನೋಡಿದ್ರೂ ನೋಡ್ದಿದ್ರೂ ವಸ್ತು ಅದರ ಪಾಡಿಗೆ ಇರುತ್ತೆ ಅಂತ. ಮಗುಚಿ ನೋಡ್ಲಿಲ್ವಾ?"

"ಆ ಪುಟ ನಾನು ನೋಡಿಲ್ಲ, ಹಾಗಾಗಿ ಅದು ಇಲ್ಲ" ಎಂದರು ಬೆಂಟ್ಸಿಲ್. ನೋಟ್‌ಬುಕ್ ಮುಚ್ಚಿದರು. "ಇನ್ನು ಕೇಳಿ ಎಲ್ರೂ. ನನ್ನನ್ನ ಕಳ್ಳ ಅಂದೋನನ್ನ ಇವತ್ತಿಂದ ನಾನು ನೋಡಲ್ಲ. ನೋಡಲ್ಲ ಅಂದ್ಮೇಲೆ ಅವನಿಲ್ಲ."

ಬೇರೆ ಊರಲ್ಲಿ ಇದು ಸಿಟ್ಟಿನ ಮಾತು ಅಷ್ಟೇ. ನಮ್ಮಲ್ಲಿ ಹಾಗಲ್ಲ. ನಾಲ್ಕು ಜನ ಕೂತಿದ್ದರೆ ಬಲಗಡೆಯಿಂದ ಶುರುಮಾಡಿ ಎಡಗಡೆಯ ತನಕ ಒಬ್ಬೊಬ್ಬರಿಗೂ ನಮಸ್ಕಾರ ಹೇಳಬೇಕು. ಒಬ್ಬನನ್ನು ಬಿಟ್ಟು ಮುಂದಿನವನಿಗೆ ಹೇಳಿದರೆ ಬಿಟ್ಟವನನ್ನು ಹೂಳಿದ ಹಾಗೆ. ಬೆಂಟ್ಸಿಲ್ ದಿನಾ ಬೆಳಿಗ್ಗೆ ಮರದ ಕೆಳಗೆ ಬಂದು ಎಲ್ಲರಿಗೂ ನಮಸ್ಕಾರ ಹೇಳಿ ಎಸ್ಸುಮನ್‌ರನ್ನು ಬಿಟ್ಟು, ಅವರ ಪಕ್ಕ ಮೇಯುತ್ತಿದ್ದ ಆಡಿಗೆ ಹೇಳಿದರು. ಆಡಿಗೂ ಗಾಬರಿಯಾಯಿತು.

ಭಾನುವಾರ ಚರ್ಚಿನಲ್ಲಿ ಇನ್ನೂ ಚೆನ್ನಾಗಿತ್ತು. ಎಸ್ಸುಮನ್ ತಮ್ಮ ಬೆಂಚಿನಲ್ಲಿ ಕೂತಿದ್ದರು. ಬೆಂಟ್ಸಿಲ್ ಬಂದರು, ಬೆಂಚನ್ನು ಖಾಲಿ ಎಂದು ಪರಿಗಣಿಸಿದರು, ಹೊದಿಕೆ ಸರಿಮಾಡಿಕೊಂಡು ಸೀದಾ ಎಸ್ಸುಮನ್‌ರ ತೊಡೆಯ ಮೇಲೆ ಕೂತುಬಿಟ್ಟರು. ಹಾಡುತ್ತಿದ್ದವರು ಎರಡನೇ ಚರಣದಲ್ಲಿ ನಿಂತರು.

"ಏಳೋ ಮೇಲೆ!"

ಬೆಂಟ್ಸಿಲ್ ಅರಾಬಾ ಕಡೆ ತಿರುಗಿ, "ಬೆಂಚಿಗೆ ಮೆತ್ತೆ ಹಾಕಿಸಿದಾರೆ ಕಣೇ, ಪರವಾಗಿಲ್ಲ" ಎಂದರು.

"ಏಳ್ತೀಯೋ, ಎತ್ತಿ ಎಸೀಲೋ?"

"ಎಲ್ಲೋ ಗಾಳಿ ಬೀಸ್ತಿದೆ. ಕಿಟಕಿ ಹಾಕಿ ಯಾರಾದ್ರೂ."

ಪಾದ್ರಿಗಳು ಆವತ್ತಿನ ಉಪದೇಶವನ್ನು ಹತ್ತು ನಿಮಿಷಕ್ಕೇ ಮುಗಿಸಿದರು. ಊರಿನವರು ನಗುತ್ತಾ ನಗುತ್ತಾ ಮನೆಗೆ ಹೋದರು. ನಾನೂ ನಕ್ಕೆ.

ಎಸ್ಸುಮನ್ ಸುಮ್ಮನಿರುವ ಆಸಾಮಿಯೇ? ಬೆಂಟ್ಸಿಲ್ಲರ ಮನೆಯ ಬಾಗಿಲು ಗೆದ್ದಲು ಹಿಡಿದು ಬಿತ್ತು. ಊರಿಗೆಲ್ಲ ಎಸ್ಸುಮನ್ ಒಬ್ಬರೇ ಬಡಗಿ, ಶಿಷ್ಯರು ಅವರ ಮಾತು ಮೀರುವವರಲ್ಲ. ಅರಾಬಾ ಹೋಗಿ ಬೇಡಿಕೊಂಡಳು. "ಅಣ್ಣಾ, ನಿಮ್ ನಿಮ್ ಜಗಳ ನಿಮಗಿರ್ಲಿ, ಆಡುಗಳು ಒಳಗ್ ಬಂದು ಚಾಪೆ ತಿಂತಿವೆ."

"ತಂಗೀ, ನಿನ್ ಮೇಲೆ ನನಗೇನೂ ಇಲ್ಲ. ಆದ್ರೆ ಇಲ್ಲದ ಬಡಗಿ ಬಾಗಿಲು ಹೇಗೆ ಮಾಡ್ತಾನೆ ಹೇಳು?"

ಇವೆಲ್ಲ ನನ್ನ ಕುರ್ಚಿಯ ಮೇಲೆಯೇ ಬಂದು ಹೋಗುತ್ತಿದ್ದವು. ಸುದ್ದಿ ಕೇಳಲೆಂದೇ ಜನ ಇಲ್ಲದ ಗಡ್ಡ ಬೋಳಿಸಿಕೊಳ್ಳಲು ಬಂದರು. ಇಬ್ಬರ ಗಡ್ಡವೂ ನನ್ನದೇ. ಬೆಂಟ್ಸಿಲ್ ಬುಧವಾರ, ಎಸ್ಸುಮನ್ ಗುರುವಾರ. ಬುಧವಾರ ನೊರೆ ಹಚ್ಚುವಾಗ ಬೆಂಟ್ಸಿಲ್ ಕನ್ನಡಿಯಲ್ಲಿ ನೋಡುತ್ತಾ, "ಎಬೊ, ಆ ಇಲ್ಲದ ಮನುಷ್ಯ ಚೆನ್ನಾಗಿದಾನಾ? ಕೆಮ್ಮು ಇತ್ತಲ್ಲ?" ಎಂದು ಕೇಳುತ್ತಿದ್ದರು. ಗುರುವಾರ ಎಸ್ಸುಮನ್, "ಆ ಪ್ರೊಫೆಸರ್ ಊಟ ಗೀಟ ಮಾಡ್ತಾನಾ? ಸೊರಗಿದಾನೆ ಅಂತ ಕೇಳ್ದೆ" ಎನ್ನುತ್ತಿದ್ದರು. ನಾನು ಈ ಮಾತನ್ನು ಇದ್ದ ಹಾಗೆ ಮುಟ್ಟಿಸಿದ್ದರೂ ಸಾಕಿತ್ತು. ನನ್ನ ಬಾಯಿ ಕೇಳಬೇಕಲ್ಲ. 'ಕೆಮ್ಮಿ ಸಾಯ್ತಾನಾ ಅಂತ ಕೇಳಿದ್ರು', 'ತಿಂದು ತಿಂದು ಕೊಬ್ಬಿದಾನಾ ಅಂದ್ರು' ಎಂದು ಒಂದು ಚಿಟಿಕೆ ಖಾರ ಹಾಕಿಯೇ ಬಡಿಸಿದೆ. ಅವರು ಉರಿದುಬೀಳುತ್ತಿದ್ದರು, ಕಾದವರು ನಗುತ್ತಿದ್ದರು, ಬ್ಲೇಡಿನ ಡಬ್ಬಿಯಲ್ಲಿ ರಾಜ ಮಲಗಿರುತ್ತಿದ್ದ. ದಿನಾ ಬೆಳಿಗ್ಗೆ ಬ್ಲೇಡು ತೆಗೆಯುವಾಗ ನನ್ನ ಬೆರಳಿಗೆ ಆ ತಾಮ್ರದ ಮೊಳೆ ತಾಗುತ್ತಿತ್ತು.

ಮಂಗಳವಾರಗಳಲ್ಲಿ ಬೆಂಟ್ಸಿಲ್ ಒಬ್ಬರೇ ಹಲಗೆಯ ಮುಂದೆ ಕೂತು, ಒಂದು ನಡೆ ಆಡಿ, ಹಲಗೆಯನ್ನು ತಿರುಗಿಸಿ, ಎದುರಾಳಿಯ ನಡೆಯನ್ನೂ ತಾವೇ ಆಡುತ್ತಿದ್ದರು. ಬೇರೆ ಯಾರಾದರೂ ಕೂರಲು ಬಂದರೆ, "ಜಾಗ ಇದೆ ಇಲ್ಲಿ" ಎನ್ನುತ್ತಿದ್ದರು. ಜಾಗ ಖಾಲಿ ಇದೆ ಎಂದೋ, ಯಾರದೋ ಜಾಗ ಎಂದೋ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಒಂದು ಗುರುವಾರ ಎಸ್ಸುಮನ್ ನನ್ನ ಕೈ ಹಿಡಿದುಕೊಂಡರು. "ಎಬೊ, ಆವತ್ತು ನೀನು ಕನ್ನಡಿ ಮುಂದಿದ್ದೆ. ಏನಾದ್ರೂ ಕಾಣಿಸ್ತಾ?"

"ಎಲ್ರ ಹಾಗೆ ನಾನೂ ಶವದ ಕಡೆಗೇ ನೋಡ್ತಿದ್ದೆ ಅಣ್ಣಾ" ಎಂದೆ. ಬಾಯಿಗೆ ಬಂದದ್ದು ಅದು. ಒಮ್ಮೆ ಹೇಳಿದ ಮೇಲೆ ಅದಕ್ಕೂ ಕಾವಲು ಕಾಯಬೇಕಾಯಿತು.

ಜನವರಿಯಲ್ಲಿ ಮರುಭೂಮಿಯ ಧೂಳುಗಾಳಿ ಬಂತು. ಎಸ್ಸುಮನ್‌ರ ಕೆಮ್ಮು ಎದೆಗಿಳಿದು ಹಾಸಿಗೆ ಹಿಡಿದರು. ಗುರುವಾರ ಅವರೇ ಬಾರದ್ದರಿಂದ ನಾನು ಕ್ಷೌರದ ಪೆಟ್ಟಿಗೆ ಹಿಡಿದು ಅವರ ಮನೆಗೆ ಹೋದೆ. ಇವತ್ತು ಹೇಳಿಯೇ ಬಿಡುತ್ತೇನೆಂದು ರಾಜನನ್ನು ಜೇಬಿಗೆ ಹಾಕಿಕೊಂಡಿದ್ದೆ, ದೇವರಾಣೆ.

ಬಾಗಿಲಲ್ಲಿ ಮಗಳು ಎಫುವಾ ತಡೆದು ಪಿಸುಗುಟ್ಟಿದಳು. "ಚಿಕ್ಕಪ್ಪಾ, ಅಪ್ಪ ಏನಾದ್ರೂ ಹೇಳಿದ್ರೆ ಹೂಂ ಅಂದ್ಬಿಡಿ. ತಲೆ ಸ್ವಲ್ಪ ಸರಿ ಇಲ್ಲ. ಆ ರಾಜನ ವಿಷಯದಿಂದಾನೇ ಶುರುವಾಗಿದ್ದು. ಈಗ ಹಣದ ಪೆಟ್ಟಿಗೆ ಬೀಗದಕೈನೂ ನಾನೇ ಇಟ್ಕೊಂಡಿದೀನಿ."

ಅದು ನನಗೆ ಗೊತ್ತಿರಲಿಲ್ಲ. ಊರಿಗೆ ತಮಾಷೆಯಾದದ್ದು ಈ ಮನೆಯಲ್ಲಿ ಕಾಯಿಲೆಯಾಗಿತ್ತು. ಇಲ್ಲದ ಕಾಯಿಯನ್ನು ಇತ್ತು ಇತ್ತು ಎನ್ನುವ ಮುದುಕನ ಮಾತನ್ನು, ಮೆಲ್ಲಗೆ, ಯಾರೂ ನಂಬದೇ ಹೋಗಿದ್ದರು.

ನಾನು ಗಡ್ಡಕ್ಕೆ ನೊರೆ ಹಚ್ಚಿದೆ. ಹಲಗೆಯಷ್ಟು ಅಗಲದ ಕೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಎಬೊ, ಒಂದ್ ಮಾತು. ನೀನು ನಗಲ್ಲ ತಾನೇ?"

"ಇಲ್ಲ ಅಣ್ಣಾ."

"ಮೂರನೇ ಸಾಲು, ಎಡಗಡೆ ಮನೆ. ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೆ ಆವತ್ತು ಸುತ್ತ ನಿಂತಿದ್ದೋರೂ ಈಗ ನಗ್ತಾ ಇರ್ಲಿಲ್ಲ ಅಂತಾರೆ. ಎಫುವಾನೂ ಇಲ್ಲ ಅಂತಾಳೆ. ಈಗೀಗ ನನಗೇ ಅನುಮಾನ. ರಾಜ ಇದ್ನೋ ಇಲ್ವೋ? ಅವನಿಲ್ಲ ಅಂದ್ರೆ ನಾನು ಎಕೋನ ಸುಮ್ಸುಮ್ನೆ ಕಳ್ಳ ಅಂದ ಹಾಗಾಯ್ತಲ್ಲೋ. ಅಷ್ಟು ಜನರ ಮುಂದೆ ಬಟ್ಟೆ ಬಿಚ್ಚಿಸ್ದೆ ಅವನ್ದು."

ರಾಜ ನನ್ನ ಜೇಬಿನಲ್ಲಿ ತೊಡೆಗೆ ಒತ್ತುತ್ತಿದ್ದ. ತೆಗೆದು ಆ ಅಂಗೈಯಲ್ಲಿ ಇಡಲು ಎಷ್ಟು ಹೊತ್ತು? ಆದರೆ ನಾನು ಎಬೊ ಅಲ್ಲವೇ! ಮಂಗಳವಾರ ಬೆಂಟ್ಸಿಲ್ಲರನ್ನು ಹೇಗಾದರೂ ಪುಸಲಾಯಿಸಿ ಕರೆತರುವುದು, ಹಾಸಿಗೆಯ ಮೇಲೆ ಹಲಗೆ ಇಡುವುದು, ಪಾದ್ರಿಗಳೂ ಸುಪಿಯೂ ಇರಬೇಕು, ಆಗ ನಾನು ಗಾಳಿಯಿಂದ ತೆಗೆದ ಹಾಗೆ ರಾಜನನ್ನು ತೆಗೆದು ಟಕ್ಕನೆ ಮೂರನೇ ಸಾಲಿನಲ್ಲಿ ಇಡುವುದು. ಎಲ್ಲರೂ ಅಳುತ್ತಾ ನಗುತ್ತಾ ತಬ್ಬಿಕೊಳ್ಳುವುದು, ನನಗೆ ಕ್ಷಮೆ. ಎಂಥಾ ದೃಶ್ಯ! ನೋಡಲು ಜನವೇ ಇಲ್ಲದೆ ಕೊಟ್ಟುಬಿಡಲು ನನಗೆ ಮನಸ್ಸು ಬರಲಿಲ್ಲ.

"ಮಂಗಳವಾರ ಬರ್ತೀನಿ ಅಣ್ಣಾ. ಆವತ್ತು ನಿಮಗೆ ಒಂದು ವಿಷಯ ಹೇಳ್ತೀನಿ" ಎಂದೆ.

"ಮಂಗಳವಾರ" ಎಂದರು ಎಸ್ಸುಮನ್. "ಒಳ್ಳೇದು. ಮಂಗಳವಾರ ಹೇಗೂ ಕೆಲಸ ಇರಲ್ಲ."

ಅವರು ಭಾನುವಾರ ಬೆಳಿಗ್ಗೆ ತೀರಿಕೊಂಡರು.

ನಮ್ಮ ಪದ್ಧತಿಯಂತೆ ನೆಂಟರೆಲ್ಲ ಸೇರುವ ತನಕ ಶವವನ್ನು ಆಸ್ಪತ್ರೆಯ ತಣ್ಣನೆ ಕೋಣೆಯಲ್ಲಿಟ್ಟು, ಐದು ವಾರದ ಮೇಲೆ ಶನಿವಾರ ಮಣ್ಣು. ಊರೆಲ್ಲ ಸೂತಕದ ಕೆಂಪು ಕಪ್ಪು ಉಟ್ಟಿತ್ತು. ದೋಣಿಯ ಆಕಾರದ ಶವಪೆಟ್ಟಿಗೆ, ಅವರ ಶಿಷ್ಯರೇ ಮಾಡಿದ್ದು. ಬೆಂಟ್ಸಿಲ್ ಸಾವಿನ ಮನೆಗೂ ಹೋಗಲಿಲ್ಲ, ಚರ್ಚಿಗೂ ಹೋಗಲಿಲ್ಲ. ಬೆಳಗಿನಿಂದ ಮರದ ಕೆಳಗೆ ಹಲಗೆಯ ಮುಂದೆ ಕೂತಿದ್ದರು. ಮೆರವಣಿಗೆ ದಾರಿ ಇಳಿದು ಬಂತು. ಎಲ್ಲರೂ ಎದ್ದರು. ಅವರು ಏಳಲಿಲ್ಲ. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಚಿಕ್ಕ ಮಕ್ಕಳು ಕಹಿ ಔಷಧಿಗೆ ಮುಚ್ಚುತ್ತಾರಲ್ಲ ಹಾಗೆ, ಮುಖವನ್ನೆಲ್ಲ ಹಿಂಡಿಕೊಂಡು ಕೂತಿದ್ದರು.

"ಪೋಸ್ಟ್ ಮಾಸ್ಟ್ರೇ, ಏಳಿ. ಕೊಬಿನಾ ಹೋಗ್ತಿದಾರೆ" ಎಂದಳು ಅಜೋವಾ.

"ನಾನು ನೋಡಿಲ್ಲ."

"ಹಾಗನ್ಬೇಡಿ ಅಣ್ಣಾ. ಕೊನೇದಾಗಿ ಒಂದ್ಸಲ ನೋಡ್ಕೊಳ್ಳಿ."

"ನಾನು ನೋಡಿಲ್ಲ ಅಜೋವಾ. ನಾನು ನೋಡೋ ತನಕ ಅವನು ಸತ್ತಿಲ್ಲ."

ಯಾರೂ ನಗಲಿಲ್ಲ. ತಮಟೆ ಕೋಟೆಯ ಆಚೆಗೆ ಹೋಗಿ ಕೇಳದಾಯಿತು, ಅಜೋವಾ ಸೆರಗಿನಿಂದ ಕಣ್ಣೊರೆಸಿಕೊಂಡು ಮೆರವಣಿಗೆಯ ಹಿಂದೆ ಹೋದಳು. ಮರದ ಕೆಳಗೆ ನಾವಿಬ್ಬರೇ ಉಳಿದೆವು. ಅವರ ಕಣ್ಣು ಇನ್ನೂ ಮುಚ್ಚಿಯೇ ಇತ್ತು. ನಾನು ಹತ್ತಿರ ಹೋಗಿ ಮಂಡಿಯೂರಿ ಅವರ ಅಂಗೈ ಬಿಡಿಸಿ ರಾಜನನ್ನು ಇಟ್ಟೆ.

ಅವರ ಹೆಬ್ಬೆರಳು ಸವರಿತು. ತಾಮ್ರದ ಮೊಳೆ ಸಿಕ್ಕಿತು.

"ಎಲ್ಲಿತ್ತು?"

"ನನ್ ಬ್ಲೇಡಿನ ಡಬ್ಬೀಲಿ."

"ಯಾವತ್ತಿಂದ?"

"ಆವತ್ತಿಂದಾನೇ. ನಿಮ್ಮ ಹೊದಿಕೆ ತಾಗಿ ಬಿತ್ತು. ನಾನು ಕನ್ನಡೀಲಿ ನೋಡ್ದೆ. ಕಾಲಿಟ್ಟು ಮುಚ್ಚಿಟ್ಟೆ. ತಮಾಷೆಗೆ ಅಣ್ಣಾ, ಐದೇ ನಿಮಿಷ ಅಂತ..."

ಬೆಂಟ್ಸಿಲ್ ರಾಜನನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. ಆಮೇಲೆ, "ಹಾಗಾದ್ರೆ ಇಷ್ಟು ದಿನಾನೂ ಇತ್ತು" ಎಂದರು.

"ಇತ್ತು."

"ಕೊಬಿನಾಗೆ ಗೊತ್ತಾಯ್ತಾ?"

"ಇಲ್ಲ."

"ಕೇಳಿದ್ನಾ ನಿನ್ನ?"

ಇಲ್ಲ ಎನ್ನಬಹುದಿತ್ತು. ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಗುತ್ತಿತ್ತು, ಅಷ್ಟೇ. ಆದರೆ ಆವತ್ತು ಸುಳ್ಳು ಬರಲಿಲ್ಲ.

"ಕೇಳಿದ್ರು. ಎರಡ್ಸಲ."

ಬೆಂಟ್ಸಿಲ್ ಕಣ್ಣು ಬಿಟ್ಟರು. ಕೈಯಲ್ಲಿದ್ದ ರಾಜನನ್ನು ನೋಡಿದರು, ಹಲಗೆ ನೋಡಿದರು, ಖಾಲಿ ದಾರಿಯನ್ನು ನೋಡಿದರು. ಮುಚ್ಚಳಗಳನ್ನು ಆವತ್ತು ಇದ್ದ ಹಾಗೆಯೇ ಒಂದೊಂದಾಗಿ ಜೋಡಿಸಿ, ಮೂರನೇ ಸಾಲಿನ ಎಡಗಡೆ ಮನೆಯಲ್ಲಿ ರಾಜನನ್ನು ಇಟ್ಟರು. ಎದ್ದರು. ಹೊದಿಕೆಯನ್ನು ಹೆಗಲಿನಿಂದ ಇಳಿಸಿ, ದಾರಿಯ ಕಡೆಗೆ ಮುಖ ಮಾಡಿ ನಿಂತರು. ಆಮೇಲೆ ಹಲಗೆ ಅಲುಗದ ಹಾಗೆ ಎತ್ತಿ ತಲೆಯ ಮೇಲೆ ಇಟ್ಟುಕೊಂಡು, ಸೋತವನು ನಡೆಯುವ ಹಾಗೆ, ಎಸ್ಸುಮನ್‌ರ ಮನೆಯ ಕಡೆಗೆ ನಡೆದುಹೋದರು. ಎಫುವಾಗೆ ರಾಜನನ್ನು ತೋರಿಸಿ, "ನಿಮ್ಮಪ್ಪನ ತಲೆ ಸರಿ ಇತ್ತಮ್ಮಾ" ಎಂದರಂತೆ. ಅವಳು ಹೊಸ್ತಿಲಲ್ಲೇ ಕುಸಿದು ಕೂತು, ಬೀಗದಕೈ ಕೈಯಲ್ಲಿ ಹಿಡಿದುಕೊಂಡು ಗೋಳೋ ಎಂದು ಅತ್ತಳಂತೆ.

ಇದಾಗಿ ಮೂರು ವರ್ಷವಾಯಿತು. ಎಸ್ಸುಮನ್‌ರ ಶಿಷ್ಯನೊಬ್ಬ ಬಂದು ಬೆಂಟ್ಸಿಲ್ಲರ ಮನೆಗೆ ಬಾಗಿಲು ಇಟ್ಟ. ಫೀಫಿ ಈಗ ಯಾವುದೋ ಶಾಲೆಯಲ್ಲಿ ಮೇಷ್ಟ್ರು; ನೋಟ್‌ಬುಕ್ಕನ್ನು ವಾಪಸ್ ಒಯ್ದ. ಬೆಂಟ್ಸಿಲ್ ಗಡ್ಡ ಬೋಳಿಸಿಕೊಳ್ಳಲು ಬುಧವಾರ ಬುಧವಾರ ವ್ಯಾನು ಹತ್ತಿ ಸಾಲ್ಟ್‌ಪಾಂಡಿಗೆ ಹೋಗಿಬರುತ್ತಾರೆ. ಅಲ್ಲಿಯ ಕ್ಷೌರಿಕನಿಗೆ ಕೈ ನಡುಕ, ಬರುವಾಗ ಕೆನ್ನೆಯಲ್ಲಿ ಎರಡು ಗಾಯ ಇದ್ದೇ ಇರುತ್ತವೆ.

ದಿನಾ ಬೆಳಿಗ್ಗೆ ಅವರು ಮರದ ಕೆಳಗೆ ಬರುತ್ತಾರೆ. ಬಲಗಡೆಯಿಂದ ಶುರುಮಾಡುತ್ತಾರೆ. ಅಜೋವಾಗೆ ನಮಸ್ಕಾರ, ಬಲೆ ಹೊಲಿಯುವವರಿಗೆ ನಮಸ್ಕಾರ, ಸುಪಿಗೆ ನಮಸ್ಕಾರ, ನನ್ನ ಕುರ್ಚಿಯಲ್ಲಿ ಕೂತ ಗಿರಾಕಿಗೆ ನಮಸ್ಕಾರ. ಕುರ್ಚಿಯ ಹಿಂದೆ ಕತ್ತಿ ಹಿಡಿದು ನಿಂತವನನ್ನು ಬಿಟ್ಟು, ಮುಂದಿನ ಆಡಿಗೆ ನಮಸ್ಕಾರ. ನಾನು ಪ್ರತಿ ದಿನವೂ ಕತ್ತಿ ಕೆಳಗಿಟ್ಟು, "ನಮಸ್ಕಾರ ಅಣ್ಣಾ" ಎನ್ನುತ್ತೇನೆ. ಜನರಿಗೆ ನಗು ಬರುತ್ತದೆ, ತಡೆದುಕೊಳ್ಳುತ್ತಾರೆ.

ಇವತ್ತೂ ಹೇಳಿದೆ. ಅವರು ನನ್ನ ಪಕ್ಕದಲ್ಲೇ ನಿಂತು, ನನ್ನ ಕನ್ನಡಿಯಲ್ಲಿ ನೋಡುತ್ತಾ ಹೊದಿಕೆ ಸರಿಮಾಡಿಕೊಂಡರು. ಕನ್ನಡಿಯಲ್ಲಿ ಅವರ ಭುಜದ ಪಕ್ಕ ನಾನೂ ಇದ್ದೆ. ಅವರು ತುದಿಯನ್ನು ಹೆಗಲ ಮೇಲೆ ಎಸೆದುಕೊಂಡು ಹೋಗಿ ಹಲಗೆಯ ಮುಂದೆ ಕೂತರು.